ಪಟ ಬಿಟ್ಟವರೇ ಹಿಡಿಯಬೇಕು

ಮೇಲ್ದಾರಿ,
ಪಡುಗಾಳಿ ತಿಂಗಳ ನಲವತ್ತೊಂಬತ್ತನೇ ದಿನ

ತೆಂಕಬೈಲು ಬೀಚಿನ ಗ್ಲೆನ್, ವಿನುತಾ ಮತ್ತು ಸಫ್ವಾನ್ ಅವರಿಗೆ ಜೈನಬಿ ಸಾಲಿಯಾನ್ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ತಿಂಗಳು ಮುಗಿಯುವುದು ಗಾಳಿ ತಿರುಗಿದಾಗ, ಈ ಸಲ ಪಡುವಣ ಗಾಳಿ ತಿರುಗುವ ಲಕ್ಷಣವೇ ಇಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸದಾಗಿ ಕಾಣಬಹುದು, ಅದಕ್ಕೆ ಕ್ಷಮೆಯಿರಲಿ. ನನ್ನ ಹೆಸರೂ ವಿಚಿತ್ರವೆನಿಸಬಹುದು. ಊರುಗಳು ಮುಳುಗಿ ಜನ ಒಂದೇ ಕಡೆ ಬಂದು ಸೇರಿದ ಮೇಲೆ ಹೆಸರುಗಳೂ ಕಲಸಿಹೋದವು. ನಿಮಗಾಗಲೀ ನಿಮ್ಮ ಮಕ್ಕಳಿಗಾಗಲೀ ನಾನು ಪರಿಚಯದವಳಲ್ಲ. ನನಗೆ ಮಾತ್ರ ನೀವು ಮೂವರೂ ಚೆನ್ನಾಗಿ ಗೊತ್ತು, ಏಕೆಂದರೆ ನಿಮ್ಮ ಒಂದು ಮಧ್ಯಾಹ್ನವನ್ನು ನೋಡಿಯೇ ನಾವೆಲ್ಲ ಬೆಳೆದದ್ದು.

ಮೇಲ್ದಾರಿ ಎಂದರೆ ನೀವು ಫ್ಲೈಓವರ್ ಎನ್ನುತ್ತಿದ್ದದ್ದು. ನಿಮ್ಮ ಹೆದ್ದಾರಿಯ ಮೇಲಿದ್ದ ಆ ಸೇತುವೆಯೇ ಈಗ ನಮ್ಮ ಊರು. ಎರಡೂ ಬದಿಗೆ ತಗಡಿನ ಮನೆಗಳು, ನಡುವೆ ಓಡಾಡಲು ದಾರಿ, ಬಾನಿಗಳಲ್ಲಿ ಹರಿವೆ ಮತ್ತು ಬಸಳೆ. ಸುತ್ತ ಕಡಲು. ನೀರಿನ ಟ್ಯಾಂಕುಗಳ ತಲೆ, ಒಂದು ಇಗರ್ಜಿಯ ಶಿಲುಬೆ, ಮೊಬೈಲ್ ಟವರಿನ ಅರ್ಧ, ಇಷ್ಟು ಮಾತ್ರ ಮೇಲೆ ಕಾಣುತ್ತದೆ. ಮೂಡು ದಿಕ್ಕಿನ ಗುಡ್ಡಗಳು ಇನ್ನೂ ಗಟ್ಟಿಯಾಗಿವೆ, ಆದರೆ ಅಲ್ಲಿ ಜಾಗವಿರುವುದು ಮೊದಲು ಹೋದವರಿಗೆ. ಸೇತುವೆಯ ಒಂದು ತುದಿ ಇಳಿಜಾರಾಗಿ ಹೋಗಿ ನೀರಿನಲ್ಲಿ ಮುಳುಗುತ್ತದೆ. ಹಾವಸೆ ಹಿಡಿದ ಆ ಡಾಂಬರನ್ನೇ ನಾವು ಕರೆ ಎನ್ನುತ್ತೇವೆ. ಕಡಲಕರೆಯೆಂದು ನಮಗಿರುವುದು ಅಷ್ಟೇ. ಮರಳನ್ನು ನಾನು ಕಣ್ಣಾರೆ ನೋಡಿಲ್ಲ.

ನಮ್ಮಲ್ಲಿ ಎಣ್ಣೆಯಿಲ್ಲ, ಎಂಜಿನ್ನೂ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ಮದ್ದು, ಬೀಜ, ಸುದ್ದಿ ಒಯ್ಯುವುದು ಎಳೆಪಟದವರು. ಕಾಲಿಗೆ ಹಲಗೆ ಕಟ್ಟಿ, ದೊಡ್ಡ ಗಾಳಿಪಟ ಎಳೆದಂತೆ ನೀರಿನ ಮೇಲೆ ಜಾರುವ ನಿಮ್ಮ ಕೈಟ್ ಆಟಕ್ಕೆ ನಾವು ಎಳೆಪಟ ಎನ್ನುತ್ತೇವೆ. ನಿಮಗೆ ಅದು ಭಾನುವಾರದ ಮೋಜು, ನಮಗೆ ಅಂಚೆ, ಆಸ್ಪತ್ರೆ ಎಲ್ಲವೂ. ಹಲಗೆ ಹಳೆಯ ಬಾಗಿಲಿನದು, ಪಟ ನಿಮ್ಮ ಕಾಲದ ಡೇರೆ ಬಟ್ಟೆಗೆ ಫ್ಲೆಕ್ಸ್ ಬ್ಯಾನರಿನ ತೇಪೆ ಹಾಕಿದ್ದು. ನನ್ನ ತಂಗಿ ಕಪಿಲಾಳ ಪಟದಲ್ಲಿ ಯಾರೋ ಪುಢಾರಿಯ ಅರ್ಧ ಮುಖ ಉಳಿದಿದೆ. ಊರಿಗೆಲ್ಲ ಹಬ್ಬದ ಶುಭಾಶಯ ಹೇಳುತ್ತ ಕೈಮುಗಿದಿದ್ದಾನೆ. ದೂರದಿಂದ ಆ ಅರ್ಧ ನಗು ಕಂಡರೆ ಸಾಕು, ಕಪಿಲಾ ಬಂದಳೆಂದು ನಾವು ಗಂಜಿಗಿಡುತ್ತಿದ್ದೆವು.

ಪಟವನ್ನು ಒಬ್ಬರೇ ಏರಿಸಲು, ಇಳಿಸಲು ಆಗುವುದಿಲ್ಲ. ಅದು ನಿಮಗೇ ಚೆನ್ನಾಗಿ ಗೊತ್ತು. ದಾರ ಬಿಗಿಯಾಗುವವರೆಗೆ ಒಬ್ಬರು ಪಟ ಹಿಡಿದು ನಿಲ್ಲಬೇಕು, ಸವಾರಿಯವರು ಹೆಬ್ಬೆರಳು ಎತ್ತಿದ ಮೇಲೆಯೇ ಬಿಡಬೇಕು. ಮರಳಿ ಬಂದಾಗ ಕೆಳಗಿಳಿದ ಪಟದ ಅಂಚನ್ನು ಓಡಿಹೋಗಿ ಹಿಡಿಯಬೇಕು. ಈ ಕೆಲಸದವರಿಗೆ ನಾವು ಕರೆಯಾಳು ಎನ್ನುತ್ತೇವೆ. ನಮ್ಮ ಕರೆಯಲ್ಲಿ ಮರಳಿಲ್ಲದ ಕಾರಣ ಈ ಕೆಲಸ ಪ್ರಾಣದ ಪ್ರಶ್ನೆ. ಹಿಡಿಯುವವರಿಲ್ಲದಿದ್ದರೆ ಪಡುಗಾಳಿ ಸವಾರರನ್ನು ಎಳೆದು ತಂದು ಕಂಬಗಳಿಗೆ ಬಡಿಯುತ್ತದೆ. ಹಾಗೆ ಸತ್ತವರನ್ನು ನಾನು ನೋಡಿದ್ದೇನೆ. ಆದ್ದರಿಂದ ನಮ್ಮ ಊರಿನಲ್ಲಿ ಒಂದೇ ಒಂದು ಮುರಿಯಬಾರದ ಕಟ್ಟಳೆಯಿದೆ. ಪಟ ಬಿಟ್ಟವರೇ ಹಿಡಿಯಬೇಕು. ಸವಾರರು ಮರಳಿ ಬರುವ ತನಕ ಕರೆ ಬಿಟ್ಟು ಹೋಗಬಾರದು, ಕೈಯಲ್ಲಿ ಏನನ್ನೂ ಹಿಡಿಯಬಾರದು, ಎಳೆಮಗುವನ್ನೂ ಎತ್ತಿಕೊಳ್ಳಬಾರದು. ಊಟವನ್ನು ಬೇರೆಯವರು ಉಣಿಸುತ್ತಾರೆ. ನಾನು ಈ ಕಾಗದ ಬರೆಯುತ್ತಿರುವುದೂ ತಪ್ಪೇ. ಒಂದು ಸಾಲು ಬರೆದು ಕೆಳಗಿಟ್ಟು, ಕಡಲು ನೋಡಿ, ಮತ್ತೆ ಎತ್ತಿಕೊಳ್ಳುತ್ತಿದ್ದೇನೆ.

ಈ ಕಟ್ಟಳೆಯನ್ನು ಮಾಡಿದವರು ನೀವು. ನಿಮಗದು ಗೊತ್ತಿಲ್ಲ, ಅಷ್ಟೇ.

ಸಫ್ವಾನ್ ಅವರು ಫೋನಿನಲ್ಲಿ ತೆಗೆದ, ನೀವು ವಿಡಿಯೋ ಎನ್ನುವ ಚಿತ್ರವೊಂದು ಹೇಗೋ ನಮ್ಮ ಹಿರಿಯರ ಕೈಸೇರಿತ್ತು. ಬಿಸಿಲಿನಿಂದ ಓಡುವ ಒಂದು ಪರದೆ ನಮ್ಮಲ್ಲಿತ್ತು. ಮಕ್ಕಳು ಮೊದಲ ಸಲ ಪಟ ಮುಟ್ಟುವ ದಿನ ಅದನ್ನು ತೋರಿಸುವುದು ವಾಡಿಕೆ. ಪರದೆ ಕೆಟ್ಟು ಬಹಳ ಕಾಲವಾಯಿತು, ಆದರೆ ಚಿತ್ರ ನನಗೆ ಬಾಯಿಪಾಠ. ಗಾಳಿ ಜೋರಾಗಿ ಬೀಸುತ್ತಿರುತ್ತದೆ. ಮರಳು ಹಾರಿ ಬಂದು ಸಫ್ವಾನ್ ಕೆಮ್ಮುತ್ತಾರೆ. ಗ್ಲೆನ್ ಪಂಪು ಹೊಡೆಯುತ್ತಾರೆ, ಕೆಂಪು ಪಟ ಉಬ್ಬುತ್ತದೆ. ವಿನುತಾ ಸೊಂಟಕ್ಕೆ ಪಟ್ಟಿ ಬಿಗಿಯುತ್ತ ಸುತ್ತಲೂ ನೋಡಿ ಕೇಳುತ್ತಾರೆ, “ಹೋದ ವರ್ಷ ಇಲ್ಲೊಂದು ತೆಂಗಿನ ಮರ ಇತ್ತಲ್ಲ, ನಾವು ಬ್ಯಾಗ್ ಇಡ್ತಿದ್ದದ್ದು? ಎಲ್ಲಿ ಹೋಯ್ತು ಅದು?” ಅದಕ್ಕೆ ಸಫ್ವಾನ್, “ಕಡಲು ಎಳನೀರು ಕುಡಿಲಿಕ್ಕೆ ತಕೊಂಡು ಹೋಗಿರ್ಬೇಕು.” ಮೂವರೂ ನಗುತ್ತೀರಿ. ನಿಮ್ಮ ಬೆನ್ನ ಹಿಂದೆ ಒಂದು ಲಾರಿ ಕಡಲ ಅಂಚಿಗೆ ಕರಿಕಲ್ಲು ಸುರಿಯುತ್ತಿರುತ್ತದೆ, ಆ ಸದ್ದಿಗೆ ನಿಮ್ಮ ಮಾತು ಸರಿಯಾಗಿ ಕೇಳುವುದಿಲ್ಲ. ಲಾರಿಯ ಗಲಾಟೆ ಬೇಡವೆಂದು ನೀವು ಆಚೆ ಸರಿಯುತ್ತೀರಿ.

ಚಿಕ್ಕವಳಿದ್ದಾಗ ಆ ಎಳನೀರಿನ ಮಾತಿಗೆ ನಾನೂ ನಗುತ್ತಿದ್ದೆ. ಈಗ ಹೊಟ್ಟೆ ಉರಿಯುತ್ತದೆ. ನೀವು ಕೆಟ್ಟವರಲ್ಲ, ಒಳ್ಳೆಯ ಗೆಳೆಯರು. ಆದರೆ ಮರ ಹೋದದ್ದು ನಿಮಗೆ ಕಂಡಿತ್ತು. ಕಾಣದವರ ಮೇಲೆ ನಾನು ಸಿಟ್ಟಾಗುವುದಿಲ್ಲ. ಕಂಡೂ ತಮಾಷೆ ಮಾಡಿ ಬ್ಯಾಗನ್ನು ಇನ್ನೊಂದು ಮರದ ಬುಡದಲ್ಲಿ ಇಟ್ಟಿರಲ್ಲ, ಅದನ್ನು ನೆನೆದರೆ ನಿಮ್ಮ ಕಿವಿ ಹಿಂಡಬೇಕೆನಿಸುತ್ತದೆ. ಚಿತ್ರದಲ್ಲಿ ನೀವು ನನಗಿಂತ ಎಷ್ಟೋ ಚಿಕ್ಕವರು, ಹೀಗೆ ಹೇಳಬಹುದೆಂದುಕೊಂಡಿದ್ದೇನೆ.

ಆಮೇಲೆ ವಿನುತಾ ಹೆಬ್ಬೆರಳು ಎತ್ತುತ್ತಾರೆ, ಗ್ಲೆನ್ ಪಟ ಬಿಡುತ್ತಾರೆ. ವಿನುತಾ ತೆರೆಯ ಮೇಲಿಂದ ಹಾರಿ ದೂರ ಹೋಗುತ್ತಾರೆ. ಆ ಹಾರಾಟ ಎಷ್ಟು ಚೆಂದವೆಂದರೆ ಕಪಿಲಾ ಅದನ್ನು ನೋಡಿದ ದಿನವೇ ತಾನು ಎಳೆಪಟದವಳಾಗುತ್ತೇನೆಂದು ಹಟ ಹಿಡಿದಳು. ವಿನುತಾ ಚಿಕ್ಕ ಚುಕ್ಕೆಯಾದ ಮೇಲೆ ಸಫ್ವಾನ್ ಹೇಳುತ್ತಾರೆ, “ಹಸಿವಾಗ್ತದೆ ಮಾರಾಯಾ. ಬಾ, ಗೋಳಿಬಜೆ ತಿಂದು ಬರುವ.” ಗ್ಲೆನ್ ಅಲುಗುವುದಿಲ್ಲ. “ಅವಳ ಕೈಟ್ ಯಾರು ಹಿಡಿಯುದು, ನಿನ್ನ ಅಜ್ಜನಾ? ಬಿಟ್ಟವನೇ ಹಿಡೀಬೇಕು. ನೀನು ಹೋಗು.” “ಹಾಗಾದ್ರೆ ಈ ಫೋನಾದ್ರೂ ಹಿಡ್ಕೊ ಸ್ವಲ್ಪ.” “ನನಗೆ ಕೈಯಲ್ಲಿ ಎಂತದೂ ಬೇಡ.” ಆಗ ಗಾಳಿ ಇನ್ನೂ ಜೋರಾಗುತ್ತದೆ. ಗ್ಲೆನ್ ಕಣ್ಣು ಕಿರಿದು ಮಾಡಿ ಕಡಲು ನೋಡುತ್ತಾರೆ, ಅವರ ಮುಖದಲ್ಲಿ ನಗು ಇರುವುದಿಲ್ಲ. ಚಿತ್ರ ಅಲ್ಲಿಗೇ ನಿಲ್ಲುತ್ತದೆ.

ವಿನುತಾ ಬಂದರೇ? ಪ್ರತಿಯೊಂದು ಮಗುವೂ ಕೇಳುವ ಪ್ರಶ್ನೆ ಇದು. ಬಂದರು, ಬರದೆ ಎಲ್ಲಿ ಹೋಗುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ.

ನನ್ನ ತಂಗಿ ಕಪಿಲಾ ಕುಂಬಳಗುಡ್ಡಕ್ಕೆ ಜ್ವರದ ಮದ್ದು ಒಯ್ದಿದ್ದಾಳೆ. ಪಟ ಬಿಟ್ಟವಳು ನಾನು. ಗಾಳಿ ಹೆಚ್ಚಿದೆ, ನಾಳೆ ಹೋಗು ಎಂದೆ. ಅಲ್ಲಿ ಮಕ್ಕಳಿದ್ದಾರೆಂದು ಹೇಳಿ ಹೆಬ್ಬೆರಳು ಎತ್ತಿದಳು. ಹೋಗಿ ಬರಲು ಒಂದು ಹಗಲು ಬೇಕು. ಅವಳು ಹೋಗಿ ಮೂರು ದಿನವಾಯಿತು, ಇನ್ನೂ ಬಂದಿಲ್ಲ. ಗುಡ್ಡದಲ್ಲೇ ಉಳಿದುಕೊಂಡಿರಬಹುದು, ಯಾವುದಾದರೂ ಟ್ಯಾಂಕಿನ ತಲೆಯ ಮೇಲೆ ಗಾಳಿ ಇಳಿಯಲೆಂದು ಕೂತಿರಬಹುದು. ಬೇರೆ ರೀತಿಯೂ ಆಗಿರಬಹುದು, ಅದನ್ನು ಬರೆಯಲಾರೆ.

ಇಷ್ಟೇ ಆಗಿದ್ದರೆ ನಾನು ಸುಮ್ಮನೆ ನಿಂತಿರುತ್ತಿದ್ದೆ. ಆದರೆ ನಿನ್ನೆ ಮೇಲ್ದಾರಿಯ ಎರಡು ಕಂಬ ಬಿರುಕು ಬಿಟ್ಟವು. ಇಳಿಜಾರಿನ ತುದಿಯ ಮನೆಗಳು ಆಗಲೇ ನೀರಿಗೆ ಬಿದ್ದಿವೆ. ಊರಿಗೆ ಊರೇ ದೋಣಿ ಹತ್ತುತ್ತಿದೆ. ಇರುವ ದೋಣಿಗಳು ಕೆಲವೇ, ಮೂಡಣ ಗುಡ್ಡಕ್ಕೆ ಹೋದವು ಈ ಗಾಳಿಗೆ ಎದುರಾಗಿ ಹಿಂದೆ ಬರಲಾರವು. ಊರಿನ ಹಿರಿಯ ದೋಗಣ್ಣ ಬಂದು ನನ್ನ ಭುಜ ಹಿಡಿದು ಹೇಳಿದರು, “ಸಾಕು ಮಗಾ. ಹೋದವಳು ಹೋದ್ಳು. ಇದ್ದವಳನ್ನಾದ್ರೂ ಕರ್ಕೊಂಡು ಹೋಗುವ.” ಕಟ್ಟಳೆಯನ್ನು ನನಗೆ ಕಲಿಸಿದವರೇ ಅವರು. ಹಾಗೆ ಹೇಳುವಾಗ ಅವರು ಕಡಲ ಕಡೆ ನೋಡಲಿಲ್ಲ.

ಅಮ್ಮ ಗಂಜಿ ತಂದು ಉಣಿಸಿದಳು. ನೀನೇ ಹೇಳಮ್ಮ, ಬರಲೋ ನಿಲ್ಲಲೋ ಎಂದು ಕೇಳಿದೆ. ತಟ್ಟೆಯಲ್ಲಿದ್ದದ್ದು ಮುಗಿಯುವವರೆಗೂ ಅವಳು ಉಣಿಸುತ್ತಲೇ ಇದ್ದಳು. ಆಮೇಲೆ ಸೆರಗಿನಿಂದ ನನ್ನ ಬಾಯಿ ಒರಸಿ, “ಬಾ ಅಂದ್ರೆ ಅವಳು ಸತ್ಲು ಅಂತ ನಾನೇ ಹೇಳಿದ ಹಾಗೆ. ನಿಲ್ಲು ಅಂದ್ರೆ ನಿನ್ನನ್ನು ನಾನೇ ಕೊಂದ ಹಾಗೆ. ನನ್ನತ್ರ ಎಂತ ಕೇಳ್ತೀ?” ಎಂದಳು. ಖಾಲಿ ತಟ್ಟೆ ಎತ್ತಿಕೊಂಡು ದೋಣಿಗಳಿದ್ದ ಕಡೆಗೆ ಹೋದಳು.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಕಡಲನ್ನು ತಡೆಯಿರಿ ಎಂದು ಕೇಳುವುದಿಲ್ಲ, ಅದು ಮೂವರ ಕೈಯಲ್ಲಿ ಆಗುವ ಕೆಲಸವಲ್ಲ. ನನ್ನ ಕೋರಿಕೆ ಬಹಳ ಸಣ್ಣದು. ಸಫ್ವಾನ್ ಅವರೇ, ಆ ಮಧ್ಯಾಹ್ನ ಫೋನ್ ಆರಿಸಬೇಡಿ. ಹಸಿವನ್ನು ಸ್ವಲ್ಪ ತಡೆದುಕೊಳ್ಳಿ. ವಿನುತಾ ಬರುವುದನ್ನೂ ಗ್ಲೆನ್ ಓಡಿ ಪಟ ಹಿಡಿಯುವುದನ್ನೂ ತೋರಿಸಿ. ಕಾದರೆ ಬರುತ್ತಾರೆಂದು ನನಗೆ ಧೈರ್ಯವಾಗುತ್ತದೆ. ಒಂದು ವೇಳೆ ಗ್ಲೆನ್ ಕಾದು ಕಾದು ಸೋತು, ತಲೆ ತಗ್ಗಿಸಿ ಮರಳಿನ ಮೇಲೆ ನಡೆದುಹೋಗಿದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ. ಕರೆಯಾಳು ಮನೆಗೆ ಹೋಗಬಹುದಾದ ಹೊತ್ತು ಒಂದಿದೆಯೆಂದು ಆಗ ನನಗೆ ತಿಳಿಯುತ್ತದೆ, ನಾನು ಅಮ್ಮನ ಜೊತೆ ಹೋಗಬಹುದು.

ಈ ಕಾಗದವನ್ನು ನಿಮ್ಮ ಕಾಲದ ನೀರಿನ ಬಾಟಲಿಯಲ್ಲಿ ಹಾಕಿ ಬಿಡುತ್ತೇನೆ. ಅವು ಇನ್ನೂ ಹಾಳಾಗಿಲ್ಲ. ಇದು ನಿಮಗೆ ತಲುಪಿದ್ದೇ ಆದರೆ, ನೀವು ನನ್ನ ಮಾತು ಕೇಳಿದ್ದೇ ಆದರೆ, ಚಿತ್ರ ಆಗಲೇ ಉದ್ದವಾಗಿರಬೇಕು, ನನ್ನ ನೆನಪಿನಲ್ಲೂ ಉದ್ದವಾಗಿರಬೇಕು. ಈಗಷ್ಟೇ ಕಣ್ಣು ಮುಚ್ಚಿ ಮೊದಲಿಂದ ನೋಡಿದೆ. ಪಂಪು, ಕೆಂಪು ಪಟ, ತೆಂಗಿನ ಮರದ ಮಾತು, ಲಾರಿ, ಗೋಳಿಬಜೆ. ಗ್ಲೆನ್ ಕಣ್ಣು ಕಿರಿದು ಮಾಡುತ್ತಾರೆ. ಅಲ್ಲಿಗೇ ನಿಲ್ಲುತ್ತದೆ.

ಕೊನೆಯ ದೋಣಿಯವರು ಶಂಖ ಊದಿದರು. ಅಮ್ಮ ನನ್ನ ಹೆಸರು ಹಿಡಿದು ಒಂದು ಸಲ ಕೂಗಿದಳು, ಆಮೇಲೆ ಕಪಿಲಾಳ ಹೆಸರು ಹಿಡಿದು ಕೂಗಿದಳು. ದೋಣಿ ಈಗ ಇಗರ್ಜಿಯ ಶಿಲುಬೆ ದಾಟಿದೆ. ಕಡಲಿನ ಮೇಲೆ ಏನೂ ಕಾಣುತ್ತಿಲ್ಲ, ಆದರೆ ಗಾಳಿ ಇದೆ. ಗಾಳಿ ಇರುವವರೆಗೆ ಪಟ ಬರಬಹುದು. ಅದು ಬಂದಾಗ ಹಿಡಿಯುವವಳ ಎರಡೂ ಕೈ ಖಾಲಿಯಿರಬೇಕು. ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.

ಜೈನಬಿ