ಸೋಮವಾರದ ಗಂಜಿ

ಜೂನ್ ೪, ಸೋಮವಾರ. ೧೯೩೪, ಮಧುಗಿರಿ
ಬೆಳಿಗ್ಗೆ ಎಂಟೂವರೆ — ಅಕ್ಕಿ ಗಂಜಿ, ಉಪ್ಪು, ಜೀರಿಗೆ. ಮಧ್ಯಾಹ್ನ ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು. ರಾತ್ರಿ ಸಣ್ಣ ಮುದ್ದೆ, ಅದೇ ಕಟ್ಟು. ಹೊಟ್ಟೆ ಕೆಟ್ಟದ್ದು. ನಾಲ್ಕು ಸಲ. ಎರಡು ಸಲ ಕಚೇರಿಯಲ್ಲಿ.

ತಿಂದದ್ದು, ತಿಂದ ಹೊತ್ತು, ಹೊಟ್ಟೆಯ ಸ್ಥಿತಿ, ಮೂರನ್ನೂ ದಿನಾ ಬರೆದಿಡಬೇಕೆಂದು ಡಾಕ್ಟರು ವೆಂಕಟರಾಮಯ್ಯನವರ ಅಪ್ಪಣೆ. ಅವರು ಕೊಲೈಟಿಸ್ ಅಂದರು. ನಮ್ಮವರು ಗ್ರಹಣಿ ಅನ್ನುತ್ತಾರೆ. ಹೆಸರು ಯಾವುದಾದರೇನು, ಚೊಂಬು ಹಿಡಿದು ಓಡುವವನು ನಾನು. ಹಾಲು, ಕಾಫಿ, ಹುರುಳಿ, ಹಸಿಮೆಣಸಿನಕಾಯಿ ಬಂದ್. ಹೊತ್ತಿಗೆ ಸರಿಯಾಗಿ ಊಟ. ಸಂಜೆ ಬೆಟ್ಟದ ಬುಡದವರೆಗೆ ನಡಿಗೆ. ಮನಸ್ಸಿಗೆ ನೆಮ್ಮದಿ. ನೆಮ್ಮದಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಚೀಟಿಯಲ್ಲಿ ಬರೆದಿಲ್ಲ.

ನನ್ನ ಜೊತೆಯ ಗುಮಾಸ್ತ ರೇಣುಕಯ್ಯ ಊರಲ್ಲಿಲ್ಲ, ತಂಗಿಯ ಮದುವೆಗೆ ಬುಕ್ಕಾಪಟ್ಟಣಕ್ಕೆ ಹೋಗಿದ್ದಾನೆ. ಇದ್ದಿದ್ದರೆ ನನ್ನ ಜಾಗದಲ್ಲಿ ಕೂತು ಸಾಕ್ಷಿಯ ಹೇಳಿಕೆ ಬರೆದುಕೊಳ್ಳುತ್ತಿದ್ದ. ನಾನು ಹಿತ್ತಿಲಿನಿಂದ ಬರುವವರೆಗೆ ಅಮಲ್ದಾರರು ಮೇಜು ಕುಟ್ಟುತ್ತ ಕಾದರು.

ಜೂನ್ ೧೦, ಭಾನುವಾರ
ಗಂಜಿ. ಅನ್ನ, ಪಡವಲಕಾಯಿ. ಮುದ್ದೆ. ಹೊಟ್ಟೆ ಒಳ್ಳೆಯದು. ಮಂಗಳವಾರದಿಂದ ಒಳ್ಳೆಯದೇ! ಗುರುವಾರ ಎರಡು ಮೊಕದ್ದಮೆ, ಒಂದು ಸಲವೂ ಏಳಲಿಲ್ಲ. ದಾಕ್ಷಾಯಣಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಾಳೆ. ನಾನು ಕುಡಿಯುವುದಿಲ್ಲವೆಂದು ತಾನೂ ಕಾಫಿ ಬಿಟ್ಟಿದ್ದಾಳೆ. ಇಂಥ ಹೆಂಡತಿ ಸಿಕ್ಕ ಪುಣ್ಯವಂತ ನಾನು.

ಜೂನ್ ೧೧, ಸೋಮವಾರ
ಗಂಜಿ. ಇವತ್ತು ಸ್ವಲ್ಪ ತಡ, ಅವಳು ಮಲ್ಲೇಶ್ವರನ ಗುಡಿಗೆ ಹೋಗಿ ಬಂದು ಮಾಡಿದ್ದು. ಹನ್ನೆರಡಕ್ಕೆ ಶುರು. ಐದು ಸಲ. ಕಳ್ಳತನದ ಮೊಕದ್ದಮೆಯ ನಡುವೆ ಎದ್ದು ಓಡಿದೆ. ಕಳ್ಳನೂ ನಕ್ಕ.

ರೇಣುಕಯ್ಯ ನನ್ನ ಪೆನ್ನು ತೆಗೆದುಕೊಂಡು ಮುಂದಕ್ಕೆ ಬರೆದ. ಮಧ್ಯಾಹ್ನ ಅವನ ತಾಯಿ ಕಾಯಿಸಿದ ದಾಳಿಂಬೆ ಸಿಪ್ಪೆಯ ಕಷಾಯ ತಂದುಕೊಟ್ಟ. “ಕುಡೀರಿ ಶಂಕ್ರಣ್ಣ, ನಮ್ಮಪ್ಪಂಗೆ ಇದರಲ್ಲೇ ವಾಸಿ ಆಗಿದ್ದು.”

ಜೂನ್ ೧೮, ಸೋಮವಾರ
ಗಂಜಿ. ಈ ಸಲ ರೇಣುಕಯ್ಯ ಮುಂಚಿತವಾಗಿಯೇ ಕಷಾಯ ತಂದಿದ್ದ, ಹನ್ನೊಂದಕ್ಕೆ. ಕುಡಿದೆ. ಆದರೂ ನಾಲ್ಕು ಸಲ.
ಉಳಿದ ಆರು ದಿನ ಏನೂ ಇಲ್ಲ. ಸೋಮವಾರ ಮಾತ್ರ…

ಜೂನ್ ೨೮, ಗುರುವಾರ
ಡಾಕ್ಟರು ಈ ಪುಸ್ತಕ ಓದಿದರು. ಕೋರ್ಟಿನ ಭಯಕ್ಕೆ ಹೀಗಾಗುತ್ತದೆಯೇ ಎಂದು ಕೇಳಿದೆ. ಭಯಕ್ಕೂ ಆಗುತ್ತದೆ, ಆದರೆ ಕೋರ್ಟು ಗುರುವಾರವೂ ಇದೆಯಲ್ಲ ಅಂದರು. “ಸೋಮವಾರ ಮಾತ್ರ ಹೊಟ್ಟೆಗೆ ಹೋಗೋದು ಯಾವುದು? ಅದನ್ನು ಹುಡುಕಿ.”

ಹುಡುಕುವುದೇನು ಬಂತು. ಬರೆದೇ ಇದೆಯಲ್ಲ. ಕಷಾಯ.
ನಾನು ಎದ್ದರೆ ಆ ಕುರ್ಚಿಯಲ್ಲಿ ಕೂರುವವನು ಯಾರು? ಅದೂ ಬರೆದಿದೆ.

ಜುಲೈ ೧, ಭಾನುವಾರ
ನಿದ್ದೆ ಇಲ್ಲ. ಹನ್ನೊಂದು ವರ್ಷದ ಗೆಳೆತನ. ಉಣ್ಣುವುದರಲ್ಲಿ ಗುಟ್ಟಾಗಿ ಮದ್ದಿಕ್ಕುವುದೆಂದರೆ ಹಳ್ಳಿಯ ಹೆಂಗಸರ ಮಾತು ಎಂದು ನಗುತ್ತಿದ್ದವನು ನಾನು. ಕೈಮದ್ದು ಬಿದ್ದವನಿಗೇ ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದಂತೆ. ದಾಕ್ಷಾಯಣಿಗೆ ಹೇಳಿದೆ.
“ರೇಣುಕಯ್ಯ ಅಂಥೋರಲ್ಲ ಕಣ್ರೀ.”
“ನಿನಗೇನು ಗೊತ್ತು ಕಚೇರಿ ವಿಷಯ?”
ಎದ್ದು ಅಡಿಗೆಮನೆಗೆ ಹೋದಳು.

ಜುಲೈ ೨, ಸೋಮವಾರ
ಗಂಜಿ. ಕಷಾಯ ತಂದ. ಅವನೆದುರು ಕುಡಿದಂತೆ ಮಾಡಿ ಕಿಟಕಿಯಾಚೆ ಚೆಲ್ಲಿದೆ. ಆದರೂ ಮೂರು ಸಲ! ಲೋಟದ ತುಟಿಗೆ ಅಂಟಿದ್ದೇ ಸಾಕಾಯಿತೇನೋ.

ಅಮಲ್ದಾರರು ಕರೆಸಿದರು. ಇನ್ನೊಂದು ಸಲ ಎದ್ದರೆ ರೆಕಾರ್ಡು ರೂಮಿನಲ್ಲಿ, ಹಳೆಯ ಕಡತಗಳ ಜೊತೆ ಕೂರಬೇಕು ಅಂದರು. ಹೇಳಿಬಿಟ್ಟೆ. ರೇಣುಕಯ್ಯ ಪ್ರತಿ ಸೋಮವಾರ ಏನೋ ಕುಡಿಸುತ್ತಾನೆ, ನನ್ನ ಜಾಗದ ಮೇಲೆ ಕಣ್ಣು ಎಂದು. ಬರೆದು ಕೊಡುತ್ತೀರಾ ಅಂದರು. ಕೊಟ್ಟೆ. ಬರೆಯುವುದು ನನ್ನ ಕಸುಬು.

ಜುಲೈ ೯, ಸೋಮವಾರ
ರೇಣುಕಯ್ಯನಿಗೆ ಪಾವಗಡದ ಕಚೇರಿಗೆ ವರ್ಗ. ಶುಕ್ರವಾರವೇ ಆರ್ಡರು ಬಂತು. ಹೊಸ ಭಾವ ತಂಗಿಯನ್ನು ಕರೆದುಕೊಂಡು ಇವನ ಮನೆಗೆ ಆಷಾಢಕ್ಕೆ ಬರುವವರಿದ್ದರಂತೆ.

ಇವತ್ತು ಬಸ್ಸು ಹತ್ತುವ ಮುಂಚೆ ಬಂದ. ಕೈಯಲ್ಲಿ ಅದೇ ಹಿತ್ತಾಳೆ ಚೊಂಬು. ನನ್ನ ಮೇಜಿನ ಮುಂದೆ ನಿಂತು, ಗಟಗಟ ಪೂರ್ತಿ ತಾನೇ ಕುಡಿದ. “ನೋಡ್ರಿ ಶಂಕ್ರಣ್ಣ, ನಾನೂ ಕುಡ್ದುಬುಟ್ಟೆ. ಸತ್ರೆ ಪಾವಗಡದಿಂದ ಸುದ್ದಿ ಬತ್ತದೆ.” ಚೊಂಬು ಬೋರಲು ಹಾಕಿ ತೋರಿಸಿ ಹೋದ.
ನಾಟಕ ಅಂದುಕೊಂಡೆ. ಹಾಗೆ ಅಂದುಕೊಳ್ಳದಿದ್ದರೆ ಆ ಕುರ್ಚಿಯಲ್ಲಿ ಹೇಗೆ ಕೂರಲಿ?
ಗಂಜಿ ಬಿಟ್ಟರೆ ಏನೂ ತಿಂದಿಲ್ಲ. ನಾಲ್ಕು ಸಲ. ಹಳೆಯ ಮದ್ದು ಇನ್ನೂ ಒಳಗಿದೆ.

ಜುಲೈ ೧೪, ಶನಿವಾರ
ಮದ್ದು ಕಕ್ಕಿಸುವ ಕೊಲ್ಲಾಪುರಮ್ಮನ ಹತ್ತಿರ ಹೋಗಿದ್ದೆ, ಕೊರಟಗೆರೆಯ ಆಚೆ. ಯಾವುದೋ ಸೊಪ್ಪಿನ ರಸ ಕುಡಿಸಿ ಕಕ್ಕಿಸಿದಳು. ಬೂದಿಯಲ್ಲಿ ಕೈಯಾಡಿಸಿ ಕಪ್ಪಗಿನ ಒಂದು ಉಂಡೆ ಎತ್ತಿ ಹಿಡಿದಳು. “ಇಗೋ ಕಣಪ್ಪಾ, ನಿನ್ನ ಸ್ನೇಹ.” ಅತ್ತುಬಿಟ್ಟೆ. ಇನ್ನು ನಿಶ್ಚಿಂತೆ.

ಜುಲೈ ೧೬, ಸೋಮವಾರ
ಗಂಜಿ. ಐದು ಸಲ.

ಜುಲೈ ೨೨, ಭಾನುವಾರ
ಐದು ದಿನ ಬರೆಯಲಿಲ್ಲ. ಐದೂ ದಿನ ಹೊಟ್ಟೆ ಒಳ್ಳೆಯದು. ಅದಕ್ಕೇ ಹೆದರಿಕೆ.

ಮಧ್ಯಾಹ್ನ ಪುಸ್ತಕ ಮೊದಲಿನಿಂದ ಓದಿದೆ, ಸಾಕ್ಷಿಯ ಹೇಳಿಕೆ ಓದುವ ಹಾಗೆ. ಮೊದಲನೆಯ ಪುಟದಲ್ಲೇ ಇದೆ. ಜೂನ್ ೪. ನಾಲ್ಕು ಸಲ. ರೇಣುಕಯ್ಯ ಬುಕ್ಕಾಪಟ್ಟಣದಲ್ಲಿದ್ದ. ಕಷಾಯದ ಮಾತೇ ಇಲ್ಲ.

ನನ್ನದೇ ಅಕ್ಷರ. ಹದಿನೆಂಟು ವರ್ಷ ಊರವರ ಸುಳ್ಳು ಸತ್ಯ ಬರೆದುಕೊಂಡವನು, ನನ್ನದನ್ನು ಒಂದು ಸಲ ಹಿಂದಕ್ಕೆ ತಿರುಗಿಸಿ ನೋಡಲಿಲ್ಲ. ಅವನು ಕಷಾಯ ತಂದದ್ದು ನನಗೆ ಹೊಟ್ಟೆ ಕೆಟ್ಟಿತೆಂದು. ನನಗೆ ಕೆಟ್ಟದ್ದು ಅವನು ತಂದನೆಂದಲ್ಲ.
ಹಾಗಾದರೆ ಯಾವುದು? ಎಲ್ಲ ಸೋಮವಾರಗಳಲ್ಲೂ ಇರುವುದು ಒಂದೇ, ಬೆಳಗಿನ ಗಂಜಿ. ಆದರೆ ಅದು ದಿನವೂ ಇದೆ.

ಜುಲೈ ೨೩, ಸೋಮವಾರ
ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ. ಗುಡಿಯಿಂದ ಬಂದಳು. ಸೆರಗಿನೊಳಗಿಂದ ಸಣ್ಣ ತಂಬಿಗೆ ತೆಗೆದಳು. ಕಣ್ಣಿಗೊತ್ತಿಕೊಂಡಳು. ಗಂಜಿಗೆ ಸುರಿದು ಕಲಕಿದಳು. ಬಿಳಿಗೆ ಬಿಳಿ. ಮೇಲೆ ಜೀರಿಗೆ, ಉಪ್ಪು.
“ಏನದು?”
ತಂಬಿಗೆ ಕೈಜಾರಿತು. ನೆಲದ ಮೇಲೆ ಹಾಲು.

“ಹಾಲಲ್ಲ ಕಣ್ರೀ ಅದು. ಮಲ್ಲೇಶ್ವರನ ಅಭಿಷೇಕದ್ದು. ತೀರ್ಥ.”
“ಡಾಕ್ಟರು ಹಾಲು ಬೇಡ ಅಂದಿದ್ದು ಕೇಳಿಸಿಕೊಂಡಿದ್ದೆಯಲ್ಲೇ!”
“ಹಾಲು ಬ್ಯಾಡ ಅಂದ್ರು. ತೀರ್ಥ ಬ್ಯಾಡ ಅಂದ್ರಾ? ಲಿಂಗದ ಮ್ಯಾಲೆ ಬಿದ್ದಮ್ಯಾಲೆ ಅದು ಹೆಂಗ್ರೀ ಹಾಲಾಯ್ತದೆ?” ಅಳುತ್ತಿದ್ದಳು. “ನಿಮ್ಮ ಹೊಟ್ಟೆ ವಾಸಿ ಆಗ್ಲಿ ಅಂತ ಹದಿನಾರು ಸ್ವಾಮಾರ ಹರಸ್ಕೊಂಡಿದ್ದೆ. ಬಾಯ್ಬುಟ್ಟು ಹೇಳಿದ್ರೆ ಫಲ ಹೋಗ್ತದೆ ಅಂದ್ರು ಗುಡಿ ಪೂಜಾರ್ರು. ಏಳು ಆಗಿತ್ತು, ಇದು ಎಂಟು.”

“ರೇಣುಕಯ್ಯನ ಹೆಸರು ಹೇಳಿದಾಗ?”
“ಅಂಥೋರಲ್ಲ ಅಂದೆ. ನೀವು ಬಾಯಿ ಮುಚ್ಚಿಸಿದ್ರಿ.”

ಬೇಲಿಯೇ ಎದ್ದು ಹೊಲ ಮೇಯಿತು. ಊರೆಲ್ಲ ನನಗೆ ಮೋಸ ಮಾಡಲಿ, ತಡೆದುಕೊಂಡೇನು. ಏಳು ವಾರ ಎದುರಿಗೇ ಕೂತು ಗಂಜಿ ಬಡಿಸಿ, ನಾನು ಚೊಂಬು ಹಿಡಿದು ಓಡುವುದನ್ನು ನೋಡಿ, ಮತ್ತೆ ಸೋಮವಾರ ಬಡಿಸಿದಳು. ಅವಳ ಮುಖ ನೋಡಲು ಆಗುತ್ತಿಲ್ಲ. ಬೈಯಲೂ ಆಗುತ್ತಿಲ್ಲ. ಗಂಜಿ ಕುಡಿಯಲಿಲ್ಲ. ಹೊಟ್ಟೆ ಒಳ್ಳೆಯದು. ಇಷ್ಟು ಒಳ್ಳೆಯದಾಗಿ ಎಂದೂ ಇರಲಿಲ್ಲ.

ಜುಲೈ ೨೪, ಮಂಗಳವಾರ
ಅಮಲ್ದಾರರಿಗೆ ಹೇಳಿದೆ, ತಪ್ಪಾಯಿತು, ರೇಣುಕಯ್ಯನನ್ನು ವಾಪಸು ಕರೆಸಿ ಎಂದು. ನನ್ನ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. “ಇದರ ಮೇಲೆ ಆರ್ಡರು ಆಗಿದೆ ಕಣ್ರೀ. ಬಾಯಿಮಾತಿಗೆ ರದ್ದಾಗುತ್ತದೆಯೇ? ಅವನು ಕೊಡಲಿಲ್ಲ ಅನ್ನುವುದಾದರೆ, ಕೊಟ್ಟವರು ಯಾರು ಅಂತ ಹೆಸರು ಬರೆದು ಸಹಿ ಮಾಡಿ. ಫೈಲಿಗೆ ಸೇರಿಸುತ್ತೇನೆ.”

ಕಚೇರಿಯ ಫೈಲು. ಜವಾನನಿಂದ ಹಿಡಿದು ಎಲ್ಲರೂ ಓದುತ್ತಾರೆ. ಸಂಜೆಗೆ ಸಂತೆಬೀದಿಗೆ ಬರುತ್ತದೆ: ಶಂಕರಲಿಂಗಪ್ಪನ ಹೆಂಡತಿ ಗಂಡನಿಗೇ ಮದ್ದಿಕ್ಕಿದಳಂತೆ. ತೀರ್ಥ ಅಂದರೆ ಯಾರು ಕೇಳುತ್ತಾರೆ? ಮಗಳು ಸರ್ವಮಂಗಳಾಳಿಗೆ ಗಂಡು ನೋಡುತ್ತಿದ್ದೇವೆ.
ಬರೆಯದಿದ್ದರೆ ರೇಣುಕಯ್ಯ ಸಾಯುವವರೆಗೂ ಸ್ನೇಹಿತನಿಗೆ ಮದ್ದಿಕ್ಕಿದವನು.

ಜುಲೈ ೨೫, ಬುಧವಾರ, ಬೆಳಿಗ್ಗೆ
ಗಂಜಿ ನಾನೇ ಕಾಯಿಸಿಕೊಂಡೆ. ಸೀದು ಹೋಯಿತು, ಅದನ್ನೇ ಕುಡಿದೆ. ಅವಳು ಮೂರು ದಿನದಿಂದ ಉಂಡಿಲ್ಲ.

ಈಗ ಮಸಿ ಕುಡಿಕೆ ಅವಳೇ ತಂದಿಟ್ಟಳು. “ಬರೀರಿ. ನನ್ನ ಹೆಸ್ರೇ ಬರೀರಿ. ಆ ವಯ್ಯನ ತಾಯಿ ಬೀದೀಲಿ ನನ್ನ ಕಂಡ್ರೆ ತಲೆ ಬಗ್ಗಿಸ್ತಾರೆ, ತಪ್ಪು ಅವರದು ಅನ್ನೋ ಹಂಗೆ.” ಹೇಳಿ, ಹೋಗದೆ, ಕಂಬಕ್ಕೆ ಒರಗಿ ನಿಂತಿದ್ದಾಳೆ.

ಕಚೇರಿಗೆ ಕೊಡುವ ಮುಂಚೆ ಇಲ್ಲೇ ಒಂದು ಸಲ ಬರೆದು ನೋಡುತ್ತೇನೆ.

ಮಧುಗಿರಿ ಕಸಬೆಯಲ್ಲಿರುವ ಶಂಕರಲಿಂಗಪ್ಪನಾದ ನಾನು ದೇವರ ಮೇಲೆ ಪ್ರಮಾಣ ಮಾಡಿ ಬರೆದುಕೊಡುವುದೇನೆಂದರೆ, ರೇಣುಕಯ್ಯನು ನನಗೆ ಕೊಟ್ಟದ್ದು ಔಷಧಿಯೇ. ನನ್ನ ಹೊಟ್ಟೆ ಕೆಡಿಸಿದ್ದನ್ನು ಪ್ರತಿ ಸೋಮವಾರ ನನಗೆ ಬಡಿಸಿದವರು ನನ್ನ…