ಉಸಿರು ಹಿಡಿಯುವ ಪಾಠ

ಮಾರ್ಚ್ ೧೨, ಗುರುವಾರ

ನನ್ನ ಗುಬ್ಬಿ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಇರುತ್ತಾರೆ, ನಾನು ಬಾಯಿ ತೆರೆಯುವ ಮೊದಲೇ ಕಿತ್ತುಕೊಳ್ಳುತ್ತಾರೆ. ನಿನ್ನ ಮಂಡಿನೋವು ಹೇಗಿದೆ?

ಅವರ ಮೇದೋಜೀರಕದ ಗಡ್ಡೆ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಆಪರೇಷನ್ ಆಗುವುದಿಲ್ಲ ಎಂದದ್ದು ನಿನಗೆ ಗೊತ್ತೇ ಇದೆ. ಆಮೇಲೆ ರೇಡಿಯೇಷನ್ ಡಾಕ್ಟರಮ್ಮ ಇನ್ನೊಂದು ದಾರಿ ಹೇಳಿದರು. "ಮಾಮೂಲಿಗಿಂತ ಹೆಚ್ಚು ಡೋಸ್ ಕೊಟ್ಟು ನೋಡಬಹುದು. ವಾಸಿಯಾಗುತ್ತೆ ಅಂತ ಮಾತು ಕೊಡಲ್ಲ, ಇನ್ನಷ್ಟು ಕಾಲ ಸಿಗಬಹುದು. ಆದ್ರೆ ಕರುಳು ಪಕ್ಕದಲ್ಲೇ ಇದೆ, ಅದಕ್ಕೆ ತಾಗಬಾರದು." ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಸಿರಾಡಿದರೆ ಗಡ್ಡೆಯೂ ಅಲ್ಲಾಡುತ್ತದಂತೆ. ಹಾಗಾಗಿ ಯಂತ್ರ ನಡೆಸುವ ಹುಡುಗಿ ಹೊರಗಿನಿಂದ ಮೈಕಿನಲ್ಲಿ ಹೇಳಿದಾಗ ಉಸಿರು ಬಿಗಿಹಿಡಿದು ಮಲಗಬೇಕು. ಒಮ್ಮೆ ಹಾಗೆ ಮಲಗಿಸಿ ಸ್ಕ್ಯಾನ್ ಮಾಡಿದರು, ನೋಡಿ ತಿಳಿಸುತ್ತೇವೆ ಎಂದರು. ಇವರು ನಡುವೆ ಕೆಮ್ಮಿಬಿಟ್ಟಿದ್ದರು.

ಬಸ್ ನಿಲ್ದಾಣದ ಮೈಕಿನಲ್ಲಿ ಜೀವಮಾನವೆಲ್ಲ ಕೂಗಿದವರಿಗೆ ಇನ್ನೊಬ್ಬರ ಮೈಕು ಹಿಡಿಸೀತೇ? ಹೊರಗೆ ಬಂದವರೇ, "ಆಕೆ ಮೈಕ್ ನುಂಗೋ ಹಾಗೆ ಹಿಡ್ಕೋತಾಳೆ ಕಣೇ, ಏನೂ ಕೇಳಿಸಲ್ಲ" ಎಂದು ತಕರಾರು ತೆಗೆದರು. ಮೈ ಅರ್ಧಕ್ಕೆ ಇಳಿದರೂ ಬಾಯಿ ಇಳಿದಿಲ್ಲ.

ಅಂದಿನಿಂದ ದಿನವೂ ಸಂಜೆ ಮನೆಯಲ್ಲಿ ಅಭ್ಯಾಸ. ಅಂಗಾತ ಮಲಗುತ್ತಾರೆ, ನಾನು ಹೊಟ್ಟೆಯ ಮೇಲೆ ಅಂಗೈ ಇಟ್ಟು "ಹಿಡೀರಿ", "ಬಿಡಿ" ಎನ್ನಬೇಕು. ಮದುವೆಯಾದಾಗಿನಿಂದ ನನ್ನ ಒಂದು ಮಾತೂ ಕೇಳದ ಗಂಡಸು ಈಗ ಚಾಚೂ ತಪ್ಪದೆ ಕೇಳುತ್ತಾರೆ ನೋಡು! ಮೊನ್ನೆ ಕೆಮ್ಮದೆ ಹಿಡಿದರು. "ಪಾಸಾದೆ ಅಲ್ವೇನೇ? ಇನ್ನು ಅವರು ಆಗಲ್ಲ ಅನ್ನೋ ಹಾಗಿಲ್ಲ" ಎಂದರು. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಬಂದೆ. ಹಾಲೇನೂ ಇರಲಿಲ್ಲ.

ನಿನ್ನ ಮಗಳಿಗೆ ಹೊಸ ಕೆಲಸ ಒಗ್ಗಲಿ. ನಿನ್ನ ಸಂಸಾರ ತಣ್ಣಗಿರಲಿ, ನೀನು ನಗುನಗುತ್ತಾ ಬಾಳು.

ನಿನ್ನ,
ಅಕ್ಕ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಸೋಮವಾರವೇ ಡಾಕ್ಟರಮ್ಮ ನನಗೆ ಫೋನ್ ಮಾಡಿದರು. ಗಡ್ಡೆ ಕರುಳಿಗೇ ಅಂಟಿಕೊಂಡಿದೆಯಂತೆ. ಹೆಚ್ಚಿನ ಡೋಸ್ ಕೊಡಲು ಆಗುವುದಿಲ್ಲ, ನೋವು ಕಡಿಮೆಯಾಗಲೆಂದು ಸ್ವಲ್ಪ ಕೊಡುತ್ತಾರಂತೆ, ಅಷ್ಟೆ. "ಉಸಿರು ಚೆನ್ನಾಗಿ ಹಿಡಿದ್ರೆ?" ಎಂದು ಕೇಳಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ" ಎಂದರು. ಇವರಿಗೆ ಹೇಗೆ ಹೇಳಲಿ? ತಾವು ಕೆಮ್ಮಿದ್ದಕ್ಕೇ ಹೀಗಾಯಿತೆಂದು ಕೊರಗುತ್ತಾರೆ. ನಾಳೆ ಆಸ್ಪತ್ರೆಗೆ ಬರಹೇಳಿದ್ದಾರೆ, ಅಲ್ಲಿ ಹೇಗೂ ತಿಳಿಯುತ್ತದೆ.

ನಿನ್ನೆ ನಾನು "ಬಿಡಿ" ಎಂದ ಮೇಲೂ ಅವರು ಉಸಿರು ಬಿಡಲಿಲ್ಲ. ಅಂಗೈ ಕೆಳಗೆ ಹೊಟ್ಟೆ ಅಲ್ಲಾಡಲೇ ಇಲ್ಲ. ದೇವರೇ, ನೋವಿಲ್ಲದೆ ಇಲ್ಲಿಗೇ ಮುಗಿಸಿಬಿಡಪ್ಪ ಎಂದು ಬೇಡಿಕೊಂಡೆ ಗುಬ್ಬಿ. ನಾನೇ ಬೇಡಿಕೊಂಡೆ. ಅಷ್ಟರಲ್ಲಿ ಅವರು ಉಸಿರು ಬಿಟ್ಟು, ಕಣ್ಣು ತೆರೆದು, "ಹೇಗೆ? ನಿನ್ನ ಲೆಕ್ಕಕ್ಕಿಂತ ಜಾಸ್ತಿನೇ ಹಿಡಿದೆ ಅಲ್ವಾ?" ಎಂದು ನಕ್ಕರು.