ಕಂಬದಿಂದ ಎಷ್ಟು ಹೆಜ್ಜೆ

ಹಿರಿಯೂರು ಬಿಡಾರ
೧೯೧೧ನೇ ಇಸವಿ ಮೇ ೧೮

ಐಮಂಗಲದ ಈರಕ್ಕನಿಗೆ ಓವರ್‌ಸಿಯರ್ ಮುರಿಗೆಪ್ಪ ಬರೆಯುವುದೇನೆಂದರೆ,

ನಿನ್ನ ಗಂಡ ಜುಂಜಣ್ಣ ಸಿಡಿಲು ಬಡಿದು ಸತ್ತದ್ದು ನಮಗೂ ವ್ಯಸನದ ಸಂಗತಿ. ಈ ಸೀಮೆಗೆ ವಿದ್ಯುತ್ ತಂತಿ ಎಳೆಯುವ ಮೊದಲು ಸಿಡಿಲಿನ ನಡತೆ ತಿಳಿಯಲೆಂದು ನಾವು ಹೊಲದಲ್ಲೊಂದು ಕಂಬ ನೆಟ್ಟು, ಬುಡದಲ್ಲಿ ತಾಮ್ರದ ತಗಡು ಹೂತಿದ್ದೆವು. ಹೊಲಕ್ಕೆ ಗೊಬ್ಬರವಾಗಲಿ, ರಾತ್ರಿ ಕಂಬದ ಸುತ್ತ ಕುರಿ ತರುಬಿ ನಿಲ್ಲಿಸು ಎಂದು ಜುಂಜಣ್ಣನಿಗೆ ಹೇಳಿದವನು ನಾನೇ. ಸಿಡಿಲು ಬಿದ್ದರೂ ಮಣ್ಣಿಗೆ ಇಳಿಯುತ್ತದೆ, ಹೆದರಬೇಡ ಎಂದಿದ್ದೆ.

“ಮಣ್ಣಿಗಿಳಿದ ಮ್ಯಾಲೆ ಎತ್ಲಾಗೆ ಹೋಗ್ತೈತೆ ಸ್ವಾಮಿ?” ಎಂದು ಕೇಳಿದ್ದ. ಆಗ ನನಗೂ ಗೊತ್ತಿರಲಿಲ್ಲ. ಕುರಿ ಬೇಕಾಗಿದ್ದುದು ಅದಕ್ಕೇ.

ಹನ್ನೆರಡು ಹೆಜ್ಜೆಯೊಳಗೆ ಕಂಬದತ್ತ ಮುಖ ಮಾಡಿ ನಿಂತ ಕುರಿಗಳೆಲ್ಲ ಸತ್ತಿವೆ, ಅಡ್ಡ ನಿಂತವು ಉಳಿದಿವೆ. ಒಂದೊಂದು ಕುರಿಯನ್ನೂ ನಕ್ಷೆಯಲ್ಲಿ ಗುರುತಿಸಿದ್ದೇನೆ. ನಾನು ಬರುವಷ್ಟರಲ್ಲಿ ನೀವು ಜುಂಜಣ್ಣನನ್ನು ಎತ್ತಿಬಿಟ್ಟಿದ್ದಿರಿ. ಹೀಗಾಗಿ ಅವನ ಜಾಗ ಮಾತ್ರ ನಕ್ಷೆಯಲ್ಲಿ ಖಾಲಿ ಉಳಿದಿದೆ. ನೀನು ಮೊದಲು ನೋಡಿದಾಗ ಅವನು ಕಂಬದಿಂದ ಎಷ್ಟು ಹೆಜ್ಜೆ ದೂರದಲ್ಲಿದ್ದ? ಕಾಲು ಕಂಬದ ಕಡೆಗಿದ್ದವೋ, ಅಡ್ಡಲಾಗಿದ್ದವೋ? ಈ ಕಾಗದ ಓದಿ ಹೇಳುವ ಮೇಷ್ಟ್ರ ಕೈಯಲ್ಲೇ ಉತ್ತರ ಬರೆಸು. ಅಳುತ್ತ ಹೇಳಿದರೆ ಲೆಕ್ಕ ತಪ್ಪುತ್ತದೆ, ಸಮಾಧಾನದಿಂದ ಹೇಳು.

ಕಂಬಕ್ಕೆ ಏನೂ ಆಗಿಲ್ಲ. ರೋಹಿಣಿ ಮಳೆ ಇನ್ನೂ ಬರಬೇಕು. ಉಳಿದ ಕುರಿಗಳನ್ನು ಸೋಮವಾರ ನಿನ್ನ ಮೈದುನ ಕಾಟಯ್ಯನ ಜೊತೆ ಕಂಬದ ಹತ್ತಿರ ಕಳಿಸು. ಹೆದರಬೇಡ ಎಂದು ನಾನು ಹೇಳಿದೆನೆಂದು ಅವನಿಗೆ ತಿಳಿಸು.

ಇಂತಿ,
ಮುರಿಗೆಪ್ಪ